ಇಂಡೋ-ಚೈನೀಸ್ ‘ಫ್ಯೂಷನ್’ ಹೋಟೆಲಿಗೆ ಹೋಗಿ ಬೇಜಾರಾದವರು ಯಾರ್ಯಾರು?

ಬನಶಂಕರಿ ಬೋಂಡಾ

ಹೋಟೆಲ್ ಹೆಸರು ಹಾಕಲ್ಲ, ಇಲ್ಲಿನ ನಿಯಮ ಗೊತ್ತು. ಬೆಂಗಳೂರಿನ ದಕ್ಷಿಣದ ಕಡೆ, ಎರಡು ಮಹಡಿ, ಕೆಂಪು ಲಾಟೀನು, ಗೋಡೆ ತುಂಬ ಡ್ರ್ಯಾಗನ್. ಇಷ್ಟು ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಹೋಟೆಲ್ ನೆನಪಾಗುತ್ತೆ, ಹಾಗಾಗಿ ಪರವಾಗಿಲ್ಲ. ತಂಗಿಗೆ ಕೆಲಸ ಸಿಕ್ಕ ಖುಷಿಗೆ ಮನೆಮಂದಿಯೆಲ್ಲ ಹೋಗಿದ್ದೆವು.

ಮೊದಲು ಹಾಟ್ ಅಂಡ್ ಸೋರ್ ಸೂಪ್. ಬಿಸಿಯೂ ಇಲ್ಲ, ಹುಳಿಯೂ ಇಲ್ಲ. ಚಮಚ ಎತ್ತಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗೋಂದಿನ ಹಾಗೆ ಎಳೆ ಎಳೆಯಾಗಿ ಇಳಿಯಿತು. ಆಮೇಲೆ ಗೋಬಿ ಮಂಚೂರಿ. ‘ಡ್ರೈ’ ಅಂತ ಒತ್ತಿ ಹೇಳಿದ್ದೆ. ಬಂದ ತಟ್ಟೆಯ ತಳದಲ್ಲಿ ಕಂದು ನೀರು ನಿಂತಿತ್ತು. ಫೋರ್ಕ್ ಚುಚ್ಚಿದ ಕೂಡಲೇ ಮೇಲಿನ ಹಿಟ್ಟಿನ ಪದರ ಪೂರ್ತಿ ಕಳಚಿಕೊಂಡು ಬಂತು. ಒಳಗೆ ನೋಡಿದರೆ ಹಸಿ ದಂಟು. ಹೊರಗೆ ಕೇಳಬೇಕಾದ ಕಟಕ್ ಸದ್ದು ಒಳಗಿಂದ ಕೇಳಿಸಿತು!

ಪನೀರ್ ಚಿಲ್ಲಿ, ಬೇಬಿಕಾರ್ನ್ ಏನೋ ಒಂದು, ಹಕ್ಕಾ ನೂಡಲ್ಸ್. ಮೂರಕ್ಕೂ ಒಂದೇ ರುಚಿ. ಅಮ್ಮ ಒಂದೇ ಮಾತಲ್ಲಿ ಮುಗಿಸಿದರು: “ಎಲ್ಲದಕ್ಕೂ ಒಂದೇ ಒಗ್ಗರಣೆ ಹಾಕಿದ್ದಾರೆ ಕಣೋ.”

ಫ್ಯೂಷನ್ ಅಂತ ಮೆನುವಿನಲ್ಲಿ ಒಂದು ಪೂರ್ತಿ ಪುಟ ಇತ್ತು. ರಸಂ ವಾಂಟನ್ ಸೂಪ್, ಪುಳಿಯೋಗರೆ ಫ್ರೈಡ್ ರೈಸ್, ತಂದೂರಿ ಮೋಮೊ, ಶೆಜ್ವಾನ್ ದೋಸೆ. ರೇಟು ನಮ್ಮ ರಸ್ತೆಯ ಗೋಬಿ ಗಾಡಿಯ ಐದಾರು ಪಟ್ಟು. ಬಿಲ್ಲಿನ ತುದಿಯಲ್ಲಿ ಸರ್ವಿಸ್ ಚಾರ್ಜ್ ಬೇರೆ.

ನನ್ನ ತಕರಾರು ಇಷ್ಟೇ. ಗಾಡಿಯವನು ಒಂದು ಬಾಣಲೆ, ಒಂದು ಸಿಲಿಂಡರ್‌ನಲ್ಲಿ ಮಾಡೋದನ್ನು ಅಷ್ಟು ದೊಡ್ಡ ಅಡುಗೆಮನೆ ಇಟ್ಟುಕೊಂಡವರು ಯಾಕೆ ಮಾಡಲಾರರು? ನಿಮಗೂ ಹೀಗೆ ಆಗಿದ್ದರೆ ಬರೆಯಿರಿ.

ಮಲ್ಲೇಶ್ವರಂ ಮಿರ್ಚಿ

ನಮಗೆ ಬೇರೆ ಹೋಟೆಲ್, ಅದೇ ಕಥೆ. ಅಮೆರಿಕನ್ ಚಾಪ್ಸಿ ಹೇಳಿದ್ದೆವು. ಕರಿದ ನೂಡಲ್ಸ್ ಮೇಲೆ ಬರೀ ಟೊಮ್ಯಾಟೊ ಕೆಚಪ್ ಬಿಸಿ ಮಾಡಿ ಸುರಿದಿದ್ದರು. ನನ್ನ ಮಗ ಮಾತ್ರ ಖುಷಿಯಾಗಿ ತಿಂದ. ಅವನು ಚಪಾತಿಗೂ ಕೆಚಪ್ ಹಾಕಿಕೊಳ್ಳೋನು, ಅವನ ಸರ್ಟಿಫಿಕೇಟ್ ನಡೆಯಲ್ಲ.

ನಿಜ ಹೇಳ್ತೀನಿ

ಕ್ಷಮಿಸಿ, ಆದರೆ ಇದರಲ್ಲಿ ಅಳೋದಕ್ಕೆ ಏನಿದೆ? ಗೋಬಿ ಮಂಚೂರಿ ಚೀನಾದಲ್ಲಿ ಯಾರಿಗೂ ಗೊತ್ತಿಲ್ಲ. ನಕಲಿ ಚೈನೀಸ್ ತಿನ್ನೋಕೆ ಹೋಗಿ ಅಸಲಿ ರುಚಿ ಸಿಗಲಿಲ್ಲ ಅಂದರೆ ಹೇಗೆ? ನಾನು ಆಫೀಸ್ ಕೆಲಸಕ್ಕೆ ಅಂತ ಶಾಂಘೈಗೆ ಹೋಗಿ ಬಂದವನು. ಅಲ್ಲಿನ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಕೋಲ್ಕತ್ತಾ ಕನ್ನಡಿಗ

‘ನಕಲಿ’ ಅಂತ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಸಾರ್. ನಾನು ಬ್ಯಾಂಕ್ ಕೆಲಸದ ಮೇಲೆ ಕೋಲ್ಕತ್ತಾದಲ್ಲಿ ಬಹಳ ವರ್ಷ ಇದ್ದೆ. ಅಲ್ಲಿ ಚೀನೀಯರು ಬಂದು ನೆಲೆಸಿ ಇನ್ನೂರು ವರ್ಷದ ಮೇಲಾಯಿತು. ಟ್ಯಾಂಗ್ರಾ ಕಡೆ ಹಕ್ಕಾ ಅನ್ನೋ ಚೀನೀ ಪಂಗಡದ ಜನ ಚರ್ಮ ಹದ ಮಾಡುವ ಕೆಲಸ ಮಾಡುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟು ಟ್ಯಾನರಿಗಳನ್ನು ಊರಾಚೆ ಸಾಗಿಸಿ ಅಂತ ಹೇಳಿತು. ಈಗ ಟ್ಯಾಂಗ್ರಾ ಅಂದರೆ ಜನಕ್ಕೆ ನೆನಪಾಗೋದು ಅಲ್ಲಿನ ಹೋಟೆಲುಗಳೇ. 1962ರ ಭಾರತ-ಚೀನಾ ಯುದ್ಧದ ಸಮಯದಲ್ಲಿ ಈ ಸಮುದಾಯದ ಎಷ್ಟೋ ಕುಟುಂಬಗಳನ್ನು ರಾಜಸ್ಥಾನದ ದೇವಲಿ ಬಂಧನ ಶಿಬಿರಕ್ಕೆ ಹಾಕಿದ್ದರು. ಆಮೇಲೆ ಬಹಳ ಮಂದಿ ಕೆನಡಾಕ್ಕೆ ಹೋದರು. ಟೊರಾಂಟೊ ಸುತ್ತಮುತ್ತ ‘ಹಕ್ಕಾ’ ಅಂತ ಬೋರ್ಡ್ ಇರುವ ಹೋಟೆಲುಗಳಲ್ಲಿ ಸಿಗುವ ಚಿಲ್ಲಿ ಚಿಕನ್ ಹೀಗೆ ಹೋದದ್ದು.

ಇನ್ನು ಮಂಚೂರಿಯನ್. ಬಾಣಸಿಗ ನೆಲ್ಸನ್ ವಾಂಗ್ ಕೋಲ್ಕತ್ತಾದಲ್ಲೇ ಹುಟ್ಟಿದವರು. 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅಡುಗೆ ಮಾಡುತ್ತಿದ್ದಾಗ, ಯಾರೋ ಹೊಸದೇನಾದರೂ ಕೊಡಿ ಅಂದರಂತೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಹುರಿದು, ಗರಂ ಮಸಾಲೆ ಹಾಕುವ ಜಾಗದಲ್ಲಿ ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರ್‌ನಿಂದ ಗಟ್ಟಿ ಮಾಡಿದರು. ಅದೇ ಚಿಕನ್ ಮಂಚೂರಿಯನ್. ಕೋಳಿ ಇದ್ದ ಜಾಗಕ್ಕೆ ಹೂಕೋಸು ಬಂದು ನಮ್ಮ ಗೋಬಿ ಆಯಿತು. ಇದು ಇಲ್ಲೇ ಹುಟ್ಟಿ ಬೆಳೆದ ಅಡುಗೆ. ಇದಕ್ಕೂ ಒಂದು ಹದ ಇದೆ, ಅದು ತಪ್ಪಿದರೆ ಕೇಳುವ ಹಕ್ಕು ನಮಗಿದೆ.

ಬನಶಂಕರಿ ಬೋಂಡಾ

@ನಿಜ ಹೇಳ್ತೀನಿ, ಮೇಲಿನವರು ನನ್ನ ಕೆಲಸ ಕಡಿಮೆ ಮಾಡಿದರು. ನಾನು ಶಾಂಘೈ ರುಚಿ ಕೇಳಲೇ ಇಲ್ಲವಲ್ಲ. ನಾನು ಕೇಳಿದ್ದು ನಮ್ಮ ಗಾಡಿಯ ಗೋಬಿಯ ಮಟ್ಟ. ಅದೂ ಸಿಗಲಿಲ್ಲ ಅನ್ನೋದೇ ಸಂಕಟ.

ಬಾಣಲೆ ಭಟ್ಟ

ನಾನು ಹೋಟೆಲ್ ಅಡುಗೆಮನೆಗಳಲ್ಲಿ ದುಡಿದವನು. ಚೈನೀಸ್ ಸೆಕ್ಷನ್ನಿನಲ್ಲೇ ಜಾಸ್ತಿ. ಬೋಂಡಾ ಅವರು ಬರೆದದ್ದು ಓದುತ್ತಿದ್ದಂತೆ ಒಳಗೆ ಏನಾಗಿದೆ ಅಂತ ಕಣ್ಣಿಗೆ ಕಟ್ಟಿತು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಶನಿವಾರ ರಾತ್ರಿ ಅಂದರೆ ಗೋಬಿಯನ್ನು ಮಧ್ಯಾಹ್ನವೇ ಒಂದು ಸುತ್ತು ಕರಿದು ಟ್ರೇಗೆ ಹಾಕಿಡುತ್ತಾರೆ. ಇದು ತಪ್ಪಲ್ಲ, ಎರಡು ಸಲ ಕರಿದರೇ ಗರಿಗರಿ. ಆದರೆ ಬಿಸಿ ಬಿಸಿಯಾಗಿ ಟ್ರೇಗೆ ತುಂಬಿ ಮುಚ್ಚಿಟ್ಟರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತೆ. ಆರ್ಡರ್ ಬಂದಾಗ ಎರಡನೇ ಸಲ ಜೋರು ಎಣ್ಣೆಯಲ್ಲಿ ಕರಿಯಬೇಕು. ರಶ್ ಇದ್ದಾಗ ಅದನ್ನು ಬಿಟ್ಟು ಸೀದಾ ಸಾಸಿಗೆ ಹಾಕುತ್ತಾರೆ. ಹಿಟ್ಟಿನ ಪದರ ಕಳಚಿ ಬರಲು ಇನ್ನೊಂದು ಕಾರಣವೂ ಇದೆ. ತೊಳೆದ ಹೂಕೋಸಿನ ನೀರು ಆರಿಸಿರಲ್ಲ. ಒದ್ದೆ ಹೂಕೋಸಿಗೆ ಹಿಟ್ಟು ಹಿಡಿಯಲ್ಲ. ದಂಟು ಹಸಿ ಇತ್ತು ಅಂದರೆ ದೊಡ್ಡ ದೊಡ್ಡ ತುಂಡು ಮಾಡಿದ್ದಾರೆ, ಬಿಸಿನೀರಿಗೂ ಹಾಕಿಲ್ಲ.

ತಟ್ಟೆಯಲ್ಲಿ ನೀರು ನಿಂತದ್ದು ಉರಿಯ ಸಮಸ್ಯೆ. ಚೈನೀಸ್ ರೇಂಜ್ ಒಲೆ ಮನೆಯ ಗ್ಯಾಸಿನ ಸುಮಾರು ಹತ್ತು ಪಟ್ಟು ಉರಿ ಕೊಡುತ್ತೆ. ಆ ಉರಿಯಲ್ಲಿ ಒಂದು ಸಲಕ್ಕೆ ಒಂದೋ ಎರಡೋ ಪ್ಲೇಟ್ ಮಾಡಬೇಕು. ಬಾಣಲೆಗೆ ಈರುಳ್ಳಿ, ಕ್ಯಾಪ್ಸಿಕಂ ಬಿದ್ದ ತಕ್ಷಣ ಚುರ್ ಅಂತ ನೀರು ಆವಿಯಾಗಿ ಹೋಗಬೇಕು. ಒಂದೇ ಬಾಣಲೆಗೆ ಆರು ಪ್ಲೇಟಿನ ಮಾಲು ಸುರಿದರೆ ಬಾಣಲೆ ತಣ್ಣಗಾಗುತ್ತೆ, ತರಕಾರಿ ನೀರು ಬಿಡುತ್ತೆ. ಹುರಿಯೋದು ಹೋಗಿ ಬೇಯೋದು ಶುರು. ಆ ನೀರನ್ನು ಅಡಗಿಸಲು ಕಾರ್ನ್‌ಫ್ಲೋರ್ ಕಲಸಿ ಹಾಕುತ್ತಾರೆ. ಸೂಪಿಗೂ ಅದೇ ಮದ್ದು. ಗಾಡಿಯವನು ಗೆಲ್ಲೋದು ಇಲ್ಲೇ. ಅವನ ಬಾಣಲೆ ಚಿಕ್ಕದು, ನೀವು ಎದುರಿಗೇ ನಿಂತಿರುತ್ತೀರಿ, ಬಾಣಲೆಯಿಂದ ನಿಮ್ಮ ಕೈಗೆ ಬರಲು ಅರ್ಧ ನಿಮಿಷ. ಎರಡು ಮಹಡಿ ಹೋಟೆಲಿನಲ್ಲಿ ಕೆಳಗಿನಿಂದ ಲಿಫ್ಟಿನಲ್ಲಿ ಬರೋ ಹೊತ್ತಿಗೆ ಎಂಥ ಗೋಬಿಯಾದರೂ ಸೋಲುತ್ತೆ.

ಮೂರಕ್ಕೂ ಒಂದೇ ರುಚಿ ಅಂದಿರಲ್ಲ, ಅದು ಬಕೆಟ್ ಸಾಸ್. ಬೆಳಿಗ್ಗೆ ಸೋಯಾ, ಚಿಲ್ಲಿ ಸಾಸ್, ಕೆಚಪ್, ವಿನೆಗರ್, ಸಕ್ಕರೆ ಎಲ್ಲ ಬೆರೆಸಿ ಒಂದು ಬಕೆಟ್ ಮಾಡಿಡುತ್ತಾರೆ. ಯಾವ ಆರ್ಡರ್ ಬಂದರೂ ಒಂದು ಸೌಟು. ಮೆನುವಿನಲ್ಲಿ ನೂರೈವತ್ತು ಐಟಂ ಇದ್ದು ಅಡುಗೆಮನೆಯಲ್ಲಿ ನಾಲ್ಕೇ ಜನ ಇದ್ದರೆ ಬೇರೆ ದಾರಿಯೂ ಇಲ್ಲ. ನನ್ನ ಲೆಕ್ಕದಲ್ಲಿ ಅಡುಗೆಯವನಿಗಿಂತ ಆ ಮೆನು ಬರೆದವನದೇ ತಪ್ಪು.

ಶಿರಸಿ ಶಾರದೆ

ಭಟ್ಟರೇ, ಒಳ್ಳೆ ಮಾಹಿತಿ. ನನ್ನ ಪ್ರಶ್ನೆ ಬೇರೆ. ನಾವು ಶುದ್ಧ ಸಸ್ಯಾಹಾರಿಗಳು. ಹೋದ ತಿಂಗಳು ವೆಜ್ ನೂಡಲ್ಸಿನಲ್ಲಿ ಸಣ್ಣ ಮೊಟ್ಟೆ ಚೂರು ಸಿಕ್ಕಿತು. ಕೇಳಿದರೆ “ಮೇಡಂ ಅದು ಪನೀರ್” ಅಂದ. ಪನೀರು ಹಳದಿ ಇರುತ್ತಾ? ಮ್ಯಾನೇಜರ್ ಬಂದು ತಟ್ಟೆ ತೆಗೆದುಕೊಂಡು ಹೋದ. ಎರಡೇ ನಿಮಿಷಕ್ಕೆ ‘ಹೊಸ’ ತಟ್ಟೆ ಬಂತು. ಅಷ್ಟು ಬೇಗ ಹೊಸದು ಹೇಗೆ ಬಂತು ಅಂತ ನೀವೇ ಹೇಳಿ.

ಬಾಣಲೆ ಭಟ್ಟ

ಎರಡು ನಿಮಿಷಕ್ಕೆ ನಿಜವಾಗಿಯೂ ಹೊಸದು ಮಾಡಬಹುದು, ನೂಡಲ್ಸ್ ಬೆಂದು ರೆಡಿ ಇರುತ್ತೆ. ಆದರೆ ಬಾಣಲೆ ಅದೇ ಆಗಿದ್ದರೆ ಹೊಸದಾಗಿ ಮಾಡಿ ಏನು ಪ್ರಯೋಜನ? ನೀವು ಕೇಳಬೇಕಾದ್ದು ಎರಡು. ವೆಜ್‌ಗೆ ಬೇರೆ ಬಾಣಲೆ, ಬೇರೆ ಕರಿಯುವ ಎಣ್ಣೆ ಇದೆಯಾ? ಆಯ್‌ಸ್ಟರ್ ಸಾಸ್ ಹಾಕುತ್ತೀರಾ? ಮೆನುವಿನಲ್ಲಿ ‘ಬ್ರೌನ್ ಸಾಸ್’ ಅಂತ ಇದ್ದ ಕಡೆ ಇದನ್ನು ಖಂಡಿತ ಕೇಳಿ. ಆಯ್‌ಸ್ಟರ್ ಸಾಸ್ ಅಂದರೆ ಸಮುದ್ರದ ಚಿಪ್ಪುಜೀವಿಯ ಸಾರ. ಅಣಬೆಯಿಂದ ಮಾಡಿದ ವೆಜ್ ಸಾಸೂ ಸಿಗುತ್ತೆ, ಒಳ್ಳೆ ಹೋಟೆಲಿನವರು ಅದನ್ನು ಬೇರೆ ಇಟ್ಟಿರುತ್ತಾರೆ. ವೇಟರ್ ‘ಇರಬೇಕು ಮೇಡಂ’ ಅಂದರೆ ಅವನಿಗೆ ಗೊತ್ತಿಲ್ಲ ಅಂತ ಅರ್ಥ.

ಎರಡು ಮಕ್ಕಳ ತಾಯಿ

ಬಣ್ಣದ ವಿಷಯ ಯಾರೂ ಎತ್ತಿಲ್ಲವಲ್ಲ? 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹಾಕಿತು. ಆಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಟ್ಟ ಲೆಕ್ಕ: ತೆಗೆದ 171 ಗೋಬಿ ಸ್ಯಾಂಪಲ್‌ನಲ್ಲಿ 107 ಅಸುರಕ್ಷಿತ. ಆಗಲೇ ಪರೀಕ್ಷೆ ಮಾಡಿದ ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದು ರೋಡಮೈನ್-ಬಿ, ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ನಿಷೇಧ ಬಂತು. ಆಮೇಲೆ ನಮ್ಮ ಏರಿಯಾದ ಗಾಡಿಗಳಲ್ಲಿ ಗೋಬಿ ಕಂದು ಬಣ್ಣಕ್ಕೆ ತಿರುಗಿತು. ಚೆನ್ನಾಗೇ ಇತ್ತು. ಮೊನ್ನೆ ಒಂದು ದೊಡ್ಡ ಫ್ಯೂಷನ್ ಹೋಟೆಲಿನಲ್ಲಿ ಮತ್ತೆ ಆ ಹಳೇ ಕೆಂಪು ನೋಡಿದೆ. ತಿಂದ ಮೇಲೆ ಟಿಶ್ಯೂ ಕೆಂಪಗೆ, ಮಗಳ ನಾಲಿಗೆ ಕೆಂಪಗೆ. ಕೇಳಿದರೆ ‘ಕಾಶ್ಮೀರಿ ಚಿಲ್ಲಿ’ ಅಂದರು. ನಿಜ ಇರಬಹುದಾ?

ಹಾವೇರಿ ಹುಡುಗ

ಮೆಣಸಿನಕಾಯಿ ವಿಷಯ ಬಂದರೆ ನಮ್ಮನ್ನು ಕೇಳಿ. ಬ್ಯಾಡಗಿ ಹಾಕಿದರೆ ಒಳ್ಳೆ ಕೆಂಪು ಬರುತ್ತೆ, ಖಾರವೂ ಕಡಿಮೆ. ಆದರೆ ಮೆಣಸಿನಕಾಯಿ ಬಣ್ಣ ಎಣ್ಣೆಯಲ್ಲಿ ಬಿಡುತ್ತೆ, ತಟ್ಟೆಯ ಅಂಚಿನಲ್ಲಿ ಕೆಂಪೆಣ್ಣೆ ಕಾಣುತ್ತೆ. ಹೂಕೋಸಿನ ಒಳಗಡೆ ತನಕ ಗುಲಾಬಿ ಬಣ್ಣ ಇಳಿದಿದ್ದರೆ, ಕೈ ತೊಳೆದರೂ ಬೆರಳ ಸಂದಿಯಲ್ಲಿ ಉಳಿದರೆ, ನನಗಂತೂ ಅನುಮಾನ. ಪಕ್ಕಾ ಹೇಳೋಕೆ ಲ್ಯಾಬೇ ಬೇಕು. ನೆನೆಸಿದ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿ ಎಣ್ಣೆಯಲ್ಲಿ ಬಾಡಿಸಿದರೆ ಮನೆಯಲ್ಲೇ ಶೆಜ್ವಾನ್ ಚಟ್ನಿ ಆಯಿತು. ಇಷ್ಟು ಸುಲಭ ಇರುವಾಗ ಬಣ್ಣ ಯಾಕೆ ಅಂತ ನನಗೆ ಅರ್ಥವೇ ಆಗಲ್ಲ.

ಕುಮಟಾ ಕಾಯಿರಸ

ಶೆಜ್ವಾನ್ ಅಂದಿರಿ, ಒಂದು ಮಾತು. ಆ ಹೆಸರು ಬಂದದ್ದು ಚೀನಾದ ಸಿಚುವಾನ್ ಪ್ರಾಂತ್ಯದಿಂದ. ಅಲ್ಲಿನ ಅಡುಗೆಯ ಜೀವ ಸಿಚುವಾನ್ ಪೆಪ್ಪರ್ ಅನ್ನೋ ಮಸಾಲೆಯಲ್ಲಿದೆ, ಮೆಣಸಿನಕಾಯಿಯಲ್ಲಲ್ಲ. ನಾಲಿಗೆ ಜುಮ್ಮ್ ಅನ್ನಿಸುವ ಗುಣ ಅದರದು. ಇಲ್ಲಿನ ಶೆಜ್ವಾನ್ ಸಾಸಿನಲ್ಲಿ ಅದು ಹೆಸರಿಗೂ ಇರಲ್ಲ. ತಮಾಷೆ ಏನು ಗೊತ್ತಾ, ಅದರ ಹತ್ತಿರದ ಸಂಬಂಧಿ ನಮ್ಮ ಕರಾವಳಿಯಲ್ಲೇ ಬೆಳೆಯುತ್ತೆ. ಜುಮ್ಮನಕಾಯಿ. ಕೊಂಕಣಿಯವರು ತೆಪ್ಪಲ್ ಅಂತಾರೆ, ಬಂಗುಡೆ ಸಾರಿಗೆ ಹಾಕುತ್ತಾರೆ. ತಂದೂರಿ ಮೋಮೊ ಮೇಲೆ ಮಯೋನೀಸ್ ಸುರಿದು ಫ್ಯೂಷನ್ ಅನ್ನೋ ಬದಲು, ಒಬ್ಬರಾದರೂ ಜುಮ್ಮನಕಾಯಿ ಹಾಕಿ ನೂಡಲ್ಸ್ ಮಾಡಿದ್ದರೆ ನಾನು ಕುಮಟಾದಿಂದ ಬಸ್ ಹತ್ತಿ ಬರುತ್ತಿದ್ದೆ.

ಮಲ್ಲೇಶ್ವರಂ ಮಿರ್ಚಿ

ಈ ಐಡಿಯಾ ಯಾರಾದರೂ ಕದಿಯೋ ಮುಂಚೆ ನೀವೇ ಹೋಟೆಲ್ ಇಡಿ. ಅಂದಹಾಗೆ ಬೋಂಡಾ ಅವರೇ, ಆ ಪುಳಿಯೋಗರೆ ಫ್ರೈಡ್ ರೈಸ್ ತಿಂದಿರಾ?

ಬನಶಂಕರಿ ಬೋಂಡಾ

ತಿಂದೆ. ಹೇಳಲೇಬೇಕು, ಅವತ್ತು ಚೆನ್ನಾಗಿದ್ದದ್ದು ಅದೊಂದೇ. ಗೊಜ್ಜು ಯಾರೋ ಬಲ್ಲವರು ಮಾಡಿದ್ದರು, ಹುರಿದ ಎಳ್ಳಿನ ವಾಸನೆ ಇತ್ತು. ಹುಳಿ, ಉಪ್ಪು, ಬೆಲ್ಲ, ಎಣ್ಣೆ ಎಲ್ಲ ಗೊಜ್ಜಿನಲ್ಲೇ ಇರುತ್ತೆ, ಬಕೆಟ್ ಸಾಸಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಅನ್ನ ಉದುರು ಉದುರಾಗಿತ್ತು. ಮೇಲೆ ಎರಡು ಬ್ರೊಕೋಲಿ ಚೂರು ಇಟ್ಟಿದ್ದರು, ಅವು ಯಾಕೆ ಬಂದವೋ ಅವಕ್ಕೇ ಗೊತ್ತು. ರಸಂ ವಾಂಟನ್ ಮಾತ್ರ ಘೋರ. ವಾಂಟನ್ ಒಡೆದು ಹಿಟ್ಟೆಲ್ಲ ರಸಂನಲ್ಲಿ ತೇಲುತ್ತಿತ್ತು.

ಎಡಿಸನ್ ಎಂಟಿಆರ್ ಪ್ರೇಮಿ

ನ್ಯೂಜೆರ್ಸಿಯಿಂದ. ಇಲ್ಲಿ ಇಂಡಿಯನ್ ಚೈನೀಸ್ ಹೋಟೆಲುಗಳಿಗೆ ಬರವಿಲ್ಲ. ಊರಿನ ನೆನಪಾದಾಗ ಕನ್ನಡದ ಗೆಳೆಯರೆಲ್ಲ ಹೋಗೋದು ದೋಸೆಗಲ್ಲ, ಗೋಬಿಗೆ! ಆದರೆ ಇಲ್ಲಿ ಬೇರೆ ಕಾಯಿಲೆ, ಸಿಹಿ. ಬೇರೆಯವರಿಗೂ ಹಿಡಿಸಲಿ ಅಂತ ಸಾಸಿಗೆ ಸಕ್ಕರೆ ಸುರಿಯುತ್ತಾರೆ. ‘ಇಂಡಿಯನ್ ಸ್ಪೈಸಿ’ ಅಂತ ಹೇಳಿದರೆ ಅದೇ ಸಿಹಿ ಸಾಸಿನ ಮೇಲೆ ಹಸಿ ಖಾರದ ಪುಡಿ ಉದುರಿಸಿ ತರುತ್ತಾರೆ. ಎಲ್ಲ ಆದ ಮೇಲೆ ಟಿಪ್ ಎಷ್ಟು ಅಂತ ಸ್ಕ್ರೀನು ನಮ್ಮ ಕಡೆ ತಿರುಗಿಸಿ, ವೇಟರ್ ಎದುರಿಗೇ ನಿಂತಿರುತ್ತಾನೆ.

ಜಯನಗರ ವಕೀಲ

ಟಿಪ್ ಬಿಡಿ, ಇಲ್ಲಿನ ಸರ್ವಿಸ್ ಚಾರ್ಜ್ ಬಗ್ಗೆ ಹೇಳುತ್ತೇನೆ. ಬೋಂಡಾ ಅವರು ಅದನ್ನು ಕೊಡಬೇಕಾಗಿರಲಿಲ್ಲ. ಹೋಟೆಲಿನವರು ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಜಿಎಸ್‌ಟಿ ಬೇರೆ ವಿಷಯ, ಅದು ಕೊಡಲೇಬೇಕು. ಸಾಮಾನ್ಯ ರೆಸ್ಟೋರೆಂಟಿಗೆ ಶೇ. 5.

ಮೊದಲು ಅಲ್ಲೇ ತೆಗೆಸಿ ಅಂತ ಕೇಳಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಣ್ಣ, ಮೊಟ್ಟೆ, ಹಳಸಿದ ವಾಸನೆ ಇಂಥ ದೂರಿಗೆ ಆಹಾರ ಸುರಕ್ಷತೆ ಇಲಾಖೆ. ಬಿಲ್ಲಿನಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, 2022ರಿಂದ ಕಡ್ಡಾಯ. ಆ ನಂಬರ್ ಇಟ್ಟುಕೊಂಡು ದೂರು ಕೊಡಿ. ಬಿಲ್ ಎಸೆಯಬೇಡಿ ಮಾರಾಯ್ರೆ, ಎಲ್ಲರೂ ಅದನ್ನೇ ಮೊದಲು ಎಸೆಯುತ್ತಾರೆ.

ಸಣ್ಣ ಹೋಟೆಲ್ ಯಜಮಾನ

ಎಲ್ಲರೂ ಬೈದಾಯ್ತು, ನಮ್ಮ ಕಡೆಯಿಂದಲೂ ಒಂದಿಷ್ಟು. ನನ್ನದು ಮೈಸೂರಿನಲ್ಲಿ ಚಿಕ್ಕ ಜಾಗ. ಗಾಡಿಯವನ ಜೊತೆ ಹೋಲಿಸೋದು ಸುಲಭ. ಅವನಿಗೆ ಬಾಡಿಗೆ ಇಲ್ಲ, ಎಸಿ ಇಲ್ಲ, ಟಾಯ್ಲೆಟ್ ಇಲ್ಲ. ತಟ್ಟೆ ಅದ್ದಿ ತೆಗೆಯೋ ಬಕೆಟ್ ನೀರನ್ನು ನೋಡಿದ್ದೀರಾ? ಎಣ್ಣೆ ಎಷ್ಟು ಸಲ ಕಾಯಿಸಿದ್ದು ಅಂತ ಕೇಳಿದ್ದೀರಾ? ಅಲ್ಲಿ ಸುಮ್ಮನಿರೋರು ನಮ್ಮಲ್ಲಿ ಟೇಬಲ್ ಮೇಲೆ ಒಂದು ಹನಿ ನೀರಿದ್ದರೂ ಒಂದು ಸ್ಟಾರ್ ಕೊಡುತ್ತೀರಿ.

ಇನ್ನು ಆ್ಯಪ್ ಆರ್ಡರು. ಗೋಬಿ ಡ್ರೈ ಡಬ್ಬಿಯಲ್ಲಿ ಮುಚ್ಚಿಕೊಂಡು ಬಿಸಿಲಲ್ಲಿ ಊರು ಸುತ್ತಿ ಬಂದರೆ ಮೆತ್ತಗೆ ಆಗದೆ ಇನ್ನೇನಾಗುತ್ತೆ? ನಾನು ಮುಚ್ಚಳಕ್ಕೆ ತೂತು ಮಾಡಿ ಕಳಿಸುತ್ತೇನೆ. ‘ಡಬ್ಬಿ ಒಡೆದಿದೆ’ ಅಂತ ಕಂಪ್ಲೇಂಟ್ ಬಂತು.

ಆದರೆ ಬಕೆಟ್ ಸಾಸ್ ವಿಷಯದಲ್ಲಿ ಭಟ್ಟರ ಮಾತು ನಿಜ. ನಾನು ಮೆನುವನ್ನು ಮೂವತ್ತು ಐಟಮ್ಮಿಗೆ ಇಳಿಸಿದೆ. ಮೊದಮೊದಲು ಗಿರಾಕಿಗಳು ‘ಇಷ್ಟೇನಾ?’ ಅಂದರು, ಆಮೇಲೆ ರೂಢಿಯಾಯಿತು.

ನಿಜ ಹೇಳ್ತೀನಿ

ಯಜಮಾನರೇ, ಕೊನೆಗೂ ಒಬ್ಬರು ನ್ಯಾಯದ ಮಾತು ಆಡಿದಿರಿ. ಅಜಿನೊಮೊಟೊ ಹಾಕುತ್ತೀರಾ? ನನಗೆ ತಿಂದ ಮೇಲೆ ತಲೆನೋವು.

ಸಣ್ಣ ಹೋಟೆಲ್ ಯಜಮಾನ

ಸ್ವಲ್ಪ ಹಾಕುತ್ತೇನೆ, ಕೇಳಿದವರಿಗೆ ಹಾಕದೆಯೂ ಕೊಡುತ್ತೇನೆ. ಬೋರ್ಡ್ ಮೇಲೆ ಬರೆದೇ ಇದೆ.

ಕೋಲ್ಕತ್ತಾ ಕನ್ನಡಿಗ

1908ರಲ್ಲಿ ಜಪಾನಿನ ಇಕೆಡಾ ಅನ್ನೋ ವಿಜ್ಞಾನಿ ಕಡಲಕಳೆಯ ಸಾರಿನಿಂದ ಕಂಡುಹಿಡಿದ ರುಚಿ ಅದು. ಅಜಿನೊಮೊಟೊದಲ್ಲಿರುವ ಗ್ಲುಟಮೇಟ್ ಅನ್ನೋ ಅಂಶ ಟೊಮ್ಯಾಟೊದಲ್ಲೂ ಇದೆ. ತಲೆನೋವಿಗೆ ಆ ಹೋಟೆಲಿನ ಉಪ್ಪು, ಎಣ್ಣೆ, ಬಿಲ್ಲು ಇವುಗಳನ್ನೂ ಒಮ್ಮೆ ಅನುಮಾನಿಸಿ ನೋಡಿ.

ಮಾಡರೇಟರ್

ಕೆಲವರು ಹೋಟೆಲ್ ಹೆಸರು, ಬಿಲ್ಲಿನ ಫೋಟೊ ಹಾಕಿದ್ದರು. ತೆಗೆದಿದ್ದೇವೆ. ದೂರು ಇದ್ದರೆ ವಕೀಲರು ಹೇಳಿದ ದಾರಿ ಇದೆ. ‘ಅಡುಗೆಯವರು ನೇಪಾಳದವರು, ಈಶಾನ್ಯದವರು, ಅದಕ್ಕೇ ಹೀಗೆ’ ಅನ್ನುವ ಎರಡು ಕಾಮೆಂಟನ್ನೂ ಅಳಿಸಿದ್ದೇವೆ. ಅಂಥ ಮಾತು ಇಲ್ಲಿ ಬೇಡ.

ಬಾಣಲೆ ಭಟ್ಟ

ಅಳಿಸಿದ್ದು ಒಳ್ಳೇದಾಯಿತು. ನನಗೆ ಬಾಣಲೆ ಹಿಡಿಯಲು ಕಲಿಸಿದವನು ಡಾರ್ಜಿಲಿಂಗ್ ಕಡೆಯವನು. ಸೌಟಿನ ತುದಿಯಲ್ಲಿ ಉಪ್ಪು ತೆಗೆದರೆ ಒಂದು ಕಾಳು ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಶಿರಸಿ ಶಾರದೆ

ಭಟ್ಟರೇ, ಹೊರಗಿನ ಸಹವಾಸ ಸಾಕು, ಮನೆಯಲ್ಲೇ ಮಾಡುತ್ತೇನೆ. ಮನೆ ಗ್ಯಾಸಿನಲ್ಲಿ ಗಾಡಿಯ ಗೋಬಿ ಬರುತ್ತಾ?

ಬಾಣಲೆ ಭಟ್ಟ

ಹತ್ತಿರಕ್ಕೆ ಬರುತ್ತೆ. ಹೂಕೋಸು ಸಣ್ಣದಾಗಿ ಬಿಡಿಸಿ, ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಬಿಟ್ಟು, ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಮೈದಾ, ಕಾರ್ನ್‌ಫ್ಲೋರ್ ಸಮ ಸಮ. ಕೊನೆಯಲ್ಲಿ ಒಂದು ಚಮಚ ಅಕ್ಕಿಹಿಟ್ಟು. ಹಿಟ್ಟು ತೆಳ್ಳಗೆ ಹಿಡಿದರೆ ಸಾಕು. ಒಂದು ಸಲ ಮಧ್ಯಮ ಉರಿಯಲ್ಲಿ ಕರಿದು ಹರಡಿಡಿ, ತಣ್ಣಗಾದ ಮೇಲೆ ಜೋರು ಉರಿಯಲ್ಲಿ ಇನ್ನೊಂದು ಸಲ. ಕಬ್ಬಿಣದ ಬಾಣಲೆ ಹೊಗೆಯಾಡುವ ತನಕ ಕಾಯಿಸಿ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಆಮೇಲೆ ಸೋಯಾ ಒಂದೇ ಚಮಚ, ಚಿಲ್ಲಿ ಸಾಸ್, ಒಂಚೂರು ವಿನೆಗರ್. ಗೋಬಿ ಹಾಕಿ ನಾಲ್ಕು ಸಲ ಎಗರಿಸಿ ಇಳಿಸಿ. ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ ಮಾಡಿ. ಮನೆಯಲ್ಲಿ ಆರು ಜನ ಇದ್ದರೆ ಮೂರು ಸಲ ನಿಂತು ಮಾಡಬೇಕು, ಅಡ್ಡದಾರಿ ಇಲ್ಲ. ಚಿಮಣಿ ಆನ್ ಮಾಡೋದು ಮರೀಬೇಡಿ, ಇಲ್ಲದಿದ್ದರೆ ಮನೆಯೆಲ್ಲ ಕೆಮ್ಮು.